ಬದುಕಿದ್ದವನ ಹೆಸರು

ಸಾವಿನ ಮನೆಯಲ್ಲಿ ಹಾಡುವುದು ನನ್ನ ಅವ್ವನ ಕೆಲಸ. ಭೀಮನಬೀಡಿನಿಂದ ತೆರಕಣಾಂಬಿಯವರೆಗೆ ಯಾರು ಸತ್ತರೂ ಮಲ್ಲಿಗಮ್ಮನಿಗೆ ಹೇಳಿ ಕಳಿಸುತ್ತಾರೆ. ಮೇಲಿನ ಕೇರಿಯವರ ಮನೆಯಾದರೆ ಗೇಟಿನ ಆಚೆ ನಿಂತು ಹಾಡುತ್ತಾಳೆ. ಎಬ್ಬಿಸುವ ಪದದಿಂದ ಮಣ್ಣು ಕೊಡುವ ಪದದವರೆಗೆ ಒಟ್ಟು ನಾಲ್ಕು ಪದ. ಬದುಕಿದ್ದವರ ಹೆಸರು ಹಾಕಿ ಹಾಡಬಾರದು. ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸಬಾರದು.

ತೆರಕಣಾಂಬಿಯ ಶಿವಮಲ್ಲಪ್ಪ ಸತ್ತಾಗಲೂ ಅವ್ವ ಹೀಗೇ ಹಾಡಿದ್ದಳು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಹಾರ ಹಾಕುತ್ತಾರೆ. ಮೊಮ್ಮಗ ಸೋಮೇಶ್ ಮಹಡಿಯ ಕಿಟಕಿಯಿಂದ ಕೇಳುತ್ತಿದ್ದನಂತೆ. ಎರಡು ವರ್ಷದ ಹಿಂದೆ ಅವನೇ ನಮ್ಮ ಮನೆಗೆ ಬಂದ. ಆಗಲೇ ಸಿನಿಮಾ ಸಂಗೀತ ನಿರ್ದೇಶಕ. ಆ ಹಾಡು ಬೇಕು, ಸಂಶೋಧನೆಗೆ ಅಂದ.

"ಹೆಣ ಇಲ್ದೆ ಹಾಡಕ್ಕಿಲ್ಲ ಕಣಪ್ಪಾ" ಅಂದಳು ಅವ್ವ.

"ತಾತನ ಹೆಸರಲ್ಲೇ ಹಾಡು."

ಹಾಡಿದಳು. ಅವನು ಮೈಕು ಹಿಡಿದು ಕಣ್ಣು ಮುಚ್ಚಿ ಕೇಳಿದ. ನಾನು ಕೊಟ್ಟ ನೀರು ಮುಟ್ಟಲಿಲ್ಲ. ಬಾಟಲಿ ತಂದಿದ್ದ.

ಈ ವರ್ಷ ಚಾಮರಾಜನಗರದಲ್ಲಿ ಹಾಸ್ಟೆಲಿನ ಹುಡುಗಿಯರೆಲ್ಲ ಅವನ ಸಿನಿಮಾಕ್ಕೆ ಹೋದೆವು. ನಾಯಕಿ ಗಂಡನ ಹೆಣದ ಮುಂದೆ ಕೂತಾಗ ಪೋರ್ಚುಗೀಸ್ ಗಿಟಾರ್ ನಿಧಾನವಾಗಿ ಶುರುವಾಯಿತು. ಅದರ ಮೇಲೆ ಒಂದು ಹೆಣ್ಣುದನಿ. ಮಾತುಗಳನ್ನು ಕತ್ತರಿಸಿ ಬರೀ ರಾಗ ಉಳಿಸಿದ್ದ. ಪಕ್ಕದಲ್ಲಿ ಸುಧಾಮಣಿ ಗೊಳೋ ಅಂತ ಅತ್ತಳು. ನಾನು ಅಳಲಿಲ್ಲ. ಮೂರನೇ ಸಾಲಿನ ಕೊನೆಗೆ ಆ ದನಿ ಒಡೆದು ಒಂದು ಕೆಮ್ಮನ್ನು ನುಂಗುತ್ತದೆ. ಅದು ಅವ್ವನ ಕೆಮ್ಮು.

ಕೊನೆಯ ಹೆಸರುಗಳ ಪಟ್ಟಿಯಲ್ಲಿ ತೆರೆಯ ಮೇಲೆ ಬಂದದ್ದು 'ಪೋರ್ಚುಗೀಸ್ ಸಾಂಪ್ರದಾಯಿಕ ಗಾಯನ' ಎಂದು.

ಲೈಬ್ರರಿಯಲ್ಲಿ ಹುಡುಕಿದೆ. ಪೋರ್ಚುಗೀಸರ ಅಂಥ ಹಾಡಿಗೆ ಫಾದೋ ಅನ್ನುತ್ತಾರೆ. ಲಿಸ್ಬನ್ನಿನ ಬಡವರ ಕೇರಿಗಳ ದುಃಖದ ಹಾಡು. ಅಲ್ಲಿನ ಹೆಂಗಸರ ಮೇಲೆ ನನಗೆ ಕೋಪವಿಲ್ಲ.

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು.

"ಹಾಕೊಂಡ್ರೆ ಹಾಕೊಳ್ಲಿ ಬುಡು ಕಣಮ್ಮಿ. ರಾಗ ಏನ್ ಸವ್ದೋದದಾ?"

ಸೋಮೇಶನ ಸಂದರ್ಶನವನ್ನು ಫೋನಿನಲ್ಲಿ ಹಾಕಿದೆ. 'ಲಿಸ್ಬನ್ನಿನ ಒಂದು ಹೋಟೆಲಿನಲ್ಲಿ ಹಾಡುತ್ತಿದ್ದ ಮುದುಕಿಯ ದನಿ ಅದು. ಪಾಪ, ಆಕೆ ಈಗಿಲ್ಲ.'

"ಯಾರಂತೆ ಸತ್ತೋದೋಳು?"

"ನೀನೇ ಕಣವ್ವ."

ಅವ್ವ ಮೊರ ಕೆಳಗಿಟ್ಟಳು. "ನನ್ನ ಸಾಯ್ಸೇಬುಟ್ನಾ? ಅವ್ನು ಬದ್ಕಿರೋಳ್ನ ಹೂತವ್ನೆ ಅಂದ್ಮೇಲೆ ನಂಗ್ಯಾವ ಕಟ್ಳೆ? ಎಲ್ ಸಿಕ್ಕಾನು ಹೇಳು."

ಚಾಮರಾಜನಗರದಲ್ಲಿ ಅವನಿಗೆ ಸನ್ಮಾನವಿತ್ತು. ಇಂಥ ಸಭೆಗಳಿಗೆ ಪ್ರಾರ್ಥನೆ ಹಾಡಲು ನಮ್ಮ ಹಾಸ್ಟೆಲಿನ ಹುಡುಗಿಯರನ್ನೇ ಕರೆಸುತ್ತಾರೆ. ನಾನು ಹೆಸರು ಕೊಟ್ಟೆ. ಮೈಕಿನಲ್ಲಿ ಕೂಗಿದರು: "ಪ್ರಾರ್ಥನೆ, ಕುಮಾರಿ ಭಾನು ಮತ್ತು ಸಂಗಡಿಗರು."

"ನಾನಾ ಸಂಗಡಿಗ್ರು?" ಅವ್ವ ಕೇಳಿದಳು.

"ಹೂಂ. ನಡಿ."

ಬಾಗಿಲಲ್ಲೇ ಹಾಕಿದ್ದ ದಪ್ಪ ಹಾರದೊಂದಿಗೆ ಸೋಮೇಶ್ ವೇದಿಕೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಅವನ ತಾಯಿ ಕರಿಬಸಮ್ಮ ಮುಂದಿನ ಸಾಲಿನಲ್ಲಿದ್ದರು. ಅವ್ವ ಮೈಕಿನಿಂದ ಒಂದು ಮಾರು ಹಿಂದೆ ನಿಂತಳು. ಗೇಟಿನಾಚೆ ನಿಂತು ರೂಢಿ. ನಾನೇ ಮುಂದಕ್ಕೆ ತಳ್ಳಿದೆ.

"ಏಳೋ ನನ್ನಪ್ಪಾ ಸೋಮೇಶಪ್ಪಾ
ಎದ್ದು ಬಾರೋ ಹೊತ್ತೇರಿತು
ಬಾಗ್ಲಲ್ಲಿ ನಿನ್ನ ಕೆರ ಕಾಯ್ತಾವೆ..."

ಮೂರನೇ ಸಾಲಿನ ಕೊನೆಗೆ ದನಿ ಒಡೆಯಿತು, ಕೆಮ್ಮು ಬಂತು. ಸಿನಿಮಾ ನೋಡಿದ್ದವರೆಲ್ಲ ತಲೆಯೆತ್ತಿದರು.

ಕರಿಬಸಮ್ಮ ಎದ್ದು ನಿಂತರು. "ನಿಲ್ಸೇ ಮಲ್ಲಿಗಿ! ನಮ್ಮಾವನ ಹೆಣಕ್ಕೆ ಹಾಡಿದ್ನ ನನ್ ಮಗನ್ಗೆ ಹಾಡ್ತೀಯೇನೇ?"

"ಅಮ್ಮ, ಕೂತ್ಕೋ" ಅಂದ ಸೋಮೇಶ್.

"ಏನ್ ಕೂತ್ಕೊಳ್ಳೋದು! ನಿನ್ ಹೆಸ್ರಾಕವ್ಳಲ್ಲೋ! ಅವ್ಳದೇ ಹಾಡು ಅಂತ ಹೇಳ್ಬುಡೋ, ನಿಲ್ಸ್ಲಿ!"

ಅವನು ಕುರ್ಚಿಯ ಮುಂದಿದ್ದ ಇನ್ನೊಂದು ಮೈಕು ಎಳೆದುಕೊಂಡ. ದನಿ ಭೀಮನಬೀಡಿನ ಮಲ್ಲಿಗಮ್ಮನದು, ಲಿಸ್ಬನ್ನಿನಲ್ಲಿ ಯಾವ ಮುದುಕಿಯೂ ಇರಲಿಲ್ಲ ಎಂದ. ನೂರಾರು ಫೋನುಗಳು ಅದನ್ನು ಹಿಡಿದುಕೊಂಡವು. ನಮಗೆ ಬೇಕಾಗಿದ್ದು ಅಷ್ಟೇ. ಸಿಕ್ಕಿಬಿಟ್ಟಿತು.

ಅವ್ವ ನನ್ನ ಮುಖ ನೋಡಿದಳು. ನಾಲ್ಕರಲ್ಲಿ ಆಗಿದ್ದದ್ದು ಒಂದೇ ಪದ. ಕರಿಬಸಮ್ಮ ಸೆರಗೊಡ್ಡಿ ನನ್ನ ಕಡೆಗೇ ನೋಡುತ್ತಿದ್ದರು. ನಾನು ಸಾಕು ಅಂದಿದ್ದರೆ ಅವ್ವ ಇಳಿದು ಬರುತ್ತಿದ್ದಳೇನೋ.

"ಅರ್ಧಕ್ಕೆ ನಿಲ್ಲಿಸಬಾರದಲ್ವೇನವ್ವಾ" ಅಂದೆ.

ಅವ್ವ ಎರಡನೇ ಪದ ಎತ್ತಿದಳು. ಯಾರೂ ಮೈಕು ಕಿತ್ತುಕೊಳ್ಳಲಿಲ್ಲ. ಹೆಣದ ಹಾಡಿಗೆ ಅಡ್ಡ ಬರಲು ಯಾರಿಗೂ ಧೈರ್ಯವಿರಲಿಲ್ಲ. ಸೋಮೇಶ್ ಕುರ್ಚಿಯಲ್ಲಿ, ಹಾರದೊಳಗೆ, ಅಲುಗದೆ ಕೂತಿದ್ದ. ಮಣ್ಣು ಕೊಡುವ ಪದ ಮುಗಿಯುವವರೆಗೂ ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ.