ಮೊದಲ ಸೌಟು

ಮುಖ್ತಾರ್ ಸಾಹೇಬರು ತಾವು ಮಾಡಿದ ಸಾರಿನ ಮೊದಲ ಸೌಟನ್ನು ಗಿರಾಕಿಗಳ ಎದುರಿಗೆ ನಿಂತು ತಾವೇ ತಿನ್ನುತ್ತಿದ್ದರು. ಅದು ರುಚಿ ನೋಡುವುದಲ್ಲ. ರುಚಿ ನೋಡುವವರು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕುತ್ತಾರೆ. ಇವರು ಪಿಂಗಾಣಿ ಬಟ್ಟಲಿಗೆ ಪೂರ್ತಿ ಒಂದು ಸೌಟು ಬಡಿಸಿಕೊಂಡು, ಕೋಟಿನ ಐದೂ ಗುಂಡಿ ಹಾಕಿಕೊಂಡು, ಶಾವಿಗೆಯ ಕೊನೆಯ ಎಳೆಯವರೆಗೂ ತಿಂದು, ಬಟ್ಟಲನ್ನು ಬೋರಲು ಮಾಡಿ ತೋರಿಸಿ, ಆಮೇಲೆ ಬಡಿಸಲು ಬರುತ್ತಿದ್ದರು. ಮಿಲಿಟರಿ ಅಡುಗೆಮನೆಯ ಕಾನೂನಂತೆ ಅದು: ಅಡುಗೆಯವನು ತಿಂದು ನಿಂತಿದ್ದರೆ ಮಾತ್ರ ಉಳಿದವರಿಗೆ ಊಟ.

ಬಾಳ್ಳುಪೇಟೆಯಲ್ಲಿ, ಮಂಗಳೂರು ರಸ್ತೆಗೆ ಮುಖ ಮಾಡಿದ್ದ ಅವರ ಹೋಟೆಲಿನಲ್ಲಿ ನಾಲ್ಕೇ ಬೆಂಚು. ನಮ್ಮ ಕಡೆ ಮಾಂಸ ಬೇಯಿಸುವ ಹೋಟೆಲುಗಳಿಗೆಲ್ಲ ಮಿಲಿಟರಿ ಹೋಟೆಲು ಎಂದೇ ಹೆಸರು; ಯಜಮಾನ ನಿಜವಾಗಿ ಮಿಲಿಟರಿಯಲ್ಲಿದ್ದದ್ದು ನಾನು ಕಂಡಂತೆ ಇದೊಂದರಲ್ಲೇ. ಕೊರಿಯಾ ಯುದ್ಧಕ್ಕೆ ಹೋದ ನಮ್ಮ ದೇಶದ ವೈದ್ಯಕೀಯ ತುಕಡಿಗೆ ಅವರು ಅಡುಗೆಯವರಾಗಿದ್ದರು. ಅಲ್ಲಿಯ ಹಿಮ ಅವರ ಎಡಗಾಲಿನ ಎರಡು ಬೆರಳನ್ನು ಇಟ್ಟುಕೊಂಡಿತು. ಅದಕ್ಕೇ ಅವರು ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ಮೊದಲು ನೆಲವನ್ನು ವಿಚಾರಿಸಿ, ಆಮೇಲೆ ಪಾದ ಊರುತ್ತಿದ್ದರು. ಹಸಿರು ಉಣ್ಣೆಯ ಕೋಟನ್ನು ಒಲೆಯ ಮುಂದೆಯೂ ಬಿಚ್ಚುತ್ತಿರಲಿಲ್ಲ.

ಆ ಕೋಟಿನ ಜೊತೆಗೆ ಬಂದದ್ದು ಆ ಸಾರು. ಯುದ್ಧದಲ್ಲಿ ಮನೆ ಕಳೆದುಕೊಂಡ ಅಲ್ಲಿಯ ಜನ, ಸೈನ್ಯದ ಡಬ್ಬಿಗಳಿಂದ ಸಿಕ್ಕಿದ ಮಾಂಸವನ್ನು ತಮ್ಮ ಹುಳಿ ಬರಿಸಿದ ಕೋಸಿನೊಂದಿಗೆ ಕುದಿಸಿ ಉಣ್ಣುತ್ತಿದ್ದರಂತೆ. ತುಕಡಿಗೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿಯಿಂದ ಸಾಹೇಬರು ಅದನ್ನು ಕಲಿತರು. ಡಬ್ಬಿಯಲ್ಲಿದ್ದದ್ದು ಹಂದಿ ಮಾಂಸ, ಅವರಿಗೆ ಸಲ್ಲದು. ಹಾಗಾಗಿ ಇಲ್ಲಿ ಅದರ ಜಾಗಕ್ಕೆ ಕೈಮಾ ಉಂಡೆ ಬಂತು, ಹೆಂಡತಿ ಸಯೀದಾ ಹೊಸೆದ ಶಾವಿಗೆ ಬಂತು, ಮಂಗಳೂರಿನ ಲಾರಿಗಳಿಂದ ಒಣ ಸೀಗಡಿ ಬಂತು. ಎಲೆಕೋಸಿಗೆ ಉಪ್ಪು, ಬೆಳ್ಳುಳ್ಳಿ, ಶುಂಠಿ, ಕೆಂಪು ಮೆಣಸಿನ ಪುಡಿ ಉಜ್ಜಿ, ಹಿತ್ತಲಲ್ಲಿ ಕತ್ತಿನವರೆಗೆ ಹೂತ ಭರಣಿಯಲ್ಲಿ ಒತ್ತಿ ಇಪ್ಪತ್ತು ದಿನ ಬಿಡುವರು. ಬೋರ್ಡಿನಲ್ಲಿ ‘ಕೊರಿಯಾ ಮಿಲಿಟರಿ ಸಾರು, ಸಂತೆ ದಿನ ಮಾತ್ರ’ ಎಂದಿತ್ತು.

ನಾನು ಆಲೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾಲ್ಕು ವರ್ಷ, ಸಂತೆಯ ದಿನ ತಪ್ಪದೆ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಶಾಲೆಯಿಂದ ನೀಲಿ ಲಿಟ್ಮಸ್ ಕಾಗದ ತಂದು ಭರಣಿಯ ರಸದಲ್ಲಿ ಅದ್ದಿದೆ. ಅದು ಕೆಂಪಾಯಿತು. ಇಷ್ಟು ಹುಳಿಯಲ್ಲಿ ಕೊಳೆಸುವ ಕ್ರಿಮಿಗಳು ಬದುಕುವುದಿಲ್ಲ, ಮೇಲೆ ಏಳುವ ಗುಳ್ಳೆ ಬರೀ ಅನಿಲ ಎಂದು ವಿವರಿಸಿದೆ. ಅದನ್ನೇ ತಮ್ಮ ಮೂಗು ಎಂದೋ ಹೇಳಿತ್ತು ಎಂದು ನಕ್ಕು, ಸಾಹೇಬರು ಆ ಕಾಗದದ ತುಂಡನ್ನು ಒಣಗಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಅಂದಿನಿಂದ ನನ್ನ ಹೆಸರು ‘ಬೀಎಸ್ಸಿ’.

ಆಮೇಲೆ ಮೈಸೂರಿನಲ್ಲಿ ಆಹಾರ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸವಾಗಿ ಹೋದೆ. ಮೂರು ವರ್ಷ ಬಿಟ್ಟು, ೧೯೬೩ರಲ್ಲಿ, ಸಂತೆಯ ಹಿಂದಿನ ದಿನವೇ ಬಾಳ್ಳುಪೇಟೆಯಲ್ಲಿ ಇಳಿದಾಗ ನನಗೆ ಬೇರೆ ಕೆಲಸವಿರಲಿಲ್ಲ; ಆ ಸಾರು ಉಣ್ಣಬೇಕಿತ್ತು, ಅಷ್ಟೆ. ಬೋರ್ಡು ಇರಲಿಲ್ಲ. ಸಾಹೇಬರು ನನ್ನನ್ನು ನೋಡಿದರು, ಬಾ ಎನ್ನಲಿಲ್ಲ. ನಾಳೆಗೆ ಸಾರು ಉಂಟಲ್ಲ ಎಂದು ಕೇಳಿದೆ. ಆ ಸಾರು ನಿಂತು ವರ್ಷವಾಯಿತು ಎಂದು ಒಳಗೆ ಹೋದರು.

ಉಳಿದದ್ದನ್ನು ಹೇಳಿದವನು ಪಕ್ಕದ ಬೆಂಚಿನಲ್ಲಿದ್ದ ತೋಟಪ್ಪ, ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಿಂದಿನ ವರ್ಷ ಯಾರೋ ಅರ್ಜಿ ಹಾಕಿದ್ದರು: ಈತ ಕೊಳೆತ ಸೊಪ್ಪನ್ನು ಹೂತಿಟ್ಟು ಜನಕ್ಕೆ ತಿನ್ನಿಸುತ್ತಾನೆ ಎಂದು. ಆರೋಗ್ಯ ಇನ್ಸ್‌ಪೆಕ್ಟರು ಬಂದು ಭರಣಿಯ ಮುಚ್ಚಳ ತೆಗೆಸಿ, ಗುಳ್ಳೆ ನೋಡಿ, ಒಳಗೆ ಹುಳ ಉಸಿರಾಡುತ್ತಿದೆ ಎಂದು ತೀರ್ಮಾನಿಸಿದರು. ಹುಳಿಯುವುದಕ್ಕೂ ಕೊಳೆಯುವುದಕ್ಕೂ ಇರುವ ವ್ಯತ್ಯಾಸ ದೋಸೆ ಹಿಟ್ಟು ರುಬ್ಬುವ ಯಾವ ಹೆಂಗಸಿಗೂ ಗೊತ್ತು, ಅಧಿಕಾರಿಗೆ ಗೊತ್ತಿರಲಿಲ್ಲ. ಎಂಟು ದಿನದ ಗಡುವು ಕೊಟ್ಟು ಹೋಗಿ, ಮತ್ತೆ ಬಂದು, ಹಾರೆಯಿಂದ ಭರಣಿ ಒಡೆಸಿ, ಗುಂಡಿಗೆ ಫಿನಾಯಿಲ್ ಸುರಿಸಿದರು. ಏಳು ವರ್ಷ ಬೆರಳು ಚೀಪಿದವರೆಲ್ಲ ಸುತ್ತ ನಿಂತು ನೋಡಿದರು.

ನನಗೆ ಮೈ ಉರಿಯಿತು. ನೀನೂ ನಿಂತಿದ್ದೆಯಾ ಎಂದು ತೋಟಪ್ಪನನ್ನು ಕೇಳಿದೆ.

"ನಿಂತಿದ್ದೆ," ಎಂದ. "ನಿಮ್ಮ ಕಾಗದ ಓದಿದ ಮ್ಯಾಲೆ ಇನ್ನೇನು ಮಾತಾಡೋದು?"

ಆಗ ನೆನಪಾಯಿತು. ಆ ಎಂಟು ದಿನದೊಳಗೆ ಸಾಹೇಬರು ತೋಟಪ್ಪನ ಕೈಯಲ್ಲಿ ನನಗೊಂದು ಕಾರ್ಡು ಬರೆಸಿದ್ದರು. ನಾನು ಅಂದೇ ಉತ್ತರಿಸಿದ್ದೆ: ‘ಮಾದರಿಯನ್ನು ಪರೀಕ್ಷಿಸದೆ ಪದಾರ್ಥವು ಸೇವನೆಗೆ ಯೋಗ್ಯವೆಂದು ಪ್ರಮಾಣಿಸಲಾಗದು. ದಯವಿಟ್ಟು ಮಾದರಿ ಕಳುಹಿಸಿ.’ ತೋಟಪ್ಪ ಹೇಳಿದಂತೆ, ಕನ್ನಡ ಓದಲು ಬಾರದ ಸಾಹೇಬರು ಆ ಲಕೋಟೆಯನ್ನು ಯಾರಿಂದಲೂ ಒಡೆಸಿರಲಿಲ್ಲ. ಇನ್ಸ್‌ಪೆಕ್ಟರು ಮತ್ತೆ ಬಂದ ದಿನ ಅಂಟು ಬಿಡಿಸದೆಯೇ ಅವರ ಕೈಗಿಟ್ಟು, ನಮ್ಮ ಬೀಎಸ್ಸಿ ಬರೆದಿದ್ದಾರೆ, ಎಲ್ಲರಿಗೂ ಕೇಳುವಂತೆ ಓದಿ ಎಂದಿದ್ದರು. ಇನ್ಸ್‌ಪೆಕ್ಟರು ಹಾಗೆಯೇ ಓದಿದರು.

ಸಾಹೇಬರು ಹಿಮ್ಮಡಿ ಊರುತ್ತ ಬಂದು ನನ್ನೆದುರು ನಿಂತರು.

"ಇವ್ರೆಲ್ಲ ಹೆದರ್ಕಂಡ್ರು, ಬುಡಿ. ನಿಮಗೆ ಯಾರ ಭಯ ಇತ್ತು?"

ಪ್ರಯೋಗಾಲಯದ ನಿಯಮ ಹೇಳತೊಡಗಿದೆ. ಅವರು ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿ, ಬಣ್ಣಗೆಟ್ಟ ಆ ಲಿಟ್ಮಸ್ ತುಂಡನ್ನು ಮೇಜಿನ ಮೇಲಿಟ್ಟರು.

"ಭರಣಿಗೆ ಸರ್ಟಿಫಿಕೇಟು ಯಾವನು ಕೇಳಿದ್ದ? ನಾಲ್ಕು ವರ್ಷ ತಿಂದಿದೀನಿ, ನಂಗೇನೂ ಆಗಿಲ್ಲ ಅಂತ ಬರೀರಿ ಅಂದಿದ್ದೆ ಕಣ್ರೀ. ಅಷ್ಟೇ."

ನಿಜ. ಕಾರ್ಡಿನಲ್ಲಿದ್ದದ್ದು ಅಷ್ಟೇ. ಕೇಳಿದ ಪ್ರಶ್ನೆಗೆ ಉತ್ತರ ನನಗೆ ಖಚಿತವಾಗಿ ಗೊತ್ತಿತ್ತು. ನಾನು ಉತ್ತರಿಸಿದ್ದು ಅವರು ಕೇಳದ ಪ್ರಶ್ನೆಗೆ. ಇನ್ಸ್‌ಪೆಕ್ಟರರ ಮೇಲೆ ಎದ್ದಿದ್ದ ಸಿಟ್ಟಿನಲ್ಲಿ ದೊಡ್ಡ ಪಾಲು ಇನ್ನು ನನಗೇ ಸೇರಬೇಕಾಯಿತು.

ನಾಳೆಯೇ ಇನ್ಸ್‌ಪೆಕ್ಟರರ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಡುತ್ತೇನೆ ಎಂದೆ. ಸಾಹೇಬರು ಬೇಡವೆಂದು ತಲೆಯಾಡಿಸಿದರು.

"ಆಪೀಸು ಬ್ಯಾಡ. ಓದಿದ್ದು ಬೀದೀಲಿ. ನಾಳೆ ಸಂತೆ ಐತೆ, ಬನ್ನಿ."

ಬೆಳಿಗ್ಗೆ ಹೋದಾಗ ಹೋಟೆಲಿನ ಮುಂದೆ, ರಸ್ತೆಗೆ ಕಾಣುವಂತೆ, ಒಂದು ಮಣೆ, ಒಂದು ಚಾಕು, ಹನ್ನೆರಡು ಎಲೆಕೋಸು, ತೊಳೆದು ಬೋರಲು ಹಾಕಿದ ಹೊಸ ಭರಣಿ. ನಾನು ಕೂತು ಹೆಚ್ಚತೊಡಗಿದೆ. ಸಂತೆಗೆ ಬಂದವರು ನಿಂತು ನೋಡಿದರು. ಕೇಳಿದವರಿಗೆಲ್ಲ, ನಾಲ್ಕು ವರ್ಷ ತಿಂದಿದ್ದೇನೆ, ಏನೂ ಆಗಿಲ್ಲ, ಇನ್ನೂ ತಿನ್ನುತ್ತೇನೆ ಎಂದು ಹೇಳಿದೆ. ನಡುಮಧ್ಯಾಹ್ನದವರೆಗೆ ಬಾಗಿಲಿಗೆ ಒರಗಿ ನಿಂತಿದ್ದ ತೋಟಪ್ಪ ಕೊನೆಗೆ ಅಂಗಿಯ ತೋಳು ಮಡಿಸಿ ಬೆಳ್ಳುಳ್ಳಿ ಬಿಡಿಸಲು ಕೂತ. ಅವನೂ ತಾನು ತಿಂದದ್ದನ್ನು ಒಬ್ಬ ಲಾರಿ ಡ್ರೈವರಿಗೆ, ಅಗತ್ಯಕ್ಕಿಂತ ಗಟ್ಟಿಯಾಗಿಯೇ ಹೇಳಿದ. ಸಾಹೇಬರು ನನ್ನ ಮಣೆಯ ಮೇಲೆ ಬಗ್ಗಿದರು.

"ದಪ್ಪ ಆಯ್ತು, ಮಾರಾಯ. ಎಮ್ಮೆಗೆ ಹಾಕ್ತೀಯಾ?"

ಹಿಂದಿನ ದಿನವೆಲ್ಲ ಬಹುವಚನದಲ್ಲೇ ಮಾತಾಡಿಸಿದ್ದರು. ನಾನು ತೆಳ್ಳಗೆ ಹೆಚ್ಚಿದೆ.

ಆ ಸಲ ನನಗೆ ಸಾರು ಸಿಗಲಿಲ್ಲ. ಕೋಸು ಹುಳಿಯಲು ಇಪ್ಪತ್ತು ದಿನ ಬೇಕು, ನನ್ನ ರಜೆ ಮೂರೇ ದಿನದ್ದು. ಬಸ್ಸಿನಲ್ಲಿ ಬೆರಳಿಗಂಟಿದ ಮೆಣಸು ಉರಿಯುತ್ತಿರುವಾಗ ಯೋಚಿಸಿದೆ. ಪರರಿಗೆ ಬೇಯಿಸಿ ಬದುಕುವ ಇಂಥವರು ಹೊಗಳಿಕೆಯನ್ನು ಅಷ್ಟಾಗಿ ಬಯಸುವುದಿಲ್ಲ. ರುಚಿಯಾಗಿದೆ ಎಂದರೆ ಮುಖ ತಿರುಗಿಸುತ್ತಾರೆ. ಮೊದಲ ಸೌಟನ್ನು ಎಲ್ಲರೆದುರು ತಾವೇ ತಿಂದಾಗ ಅವರ ಮಾತು ಮುಗಿದಿರುತ್ತದೆ. ಆಮೇಲೆ ಮಾತಾಡಬೇಕಾದವರು ಉಂಡವರು.