ಕೆಂಡ ಕೇಳುವ ನೆಪ

ಕೆಂಚಕ್ಕನ ಹೆಣದ ತಲೆದೆಸೆಗೆ ದೀಪ ಹಚ್ಚಲೆಂದು ಕೇರಿಯ ಉಚ್ಚಂಗೆಮ್ಮ ಅಡುಗೆಮನೆಯ ಗೂಡಿಗೆ ಕೈಹಾಕಿದಳು. ಒಂದಲ್ಲ, ಆರು ಬೆಂಕಿಪೆಟ್ಟಿಗೆ ಸಿಕ್ಕವು.

"ನೋಡ್ರವ್ವ ಕೆಂಚಕ್ಕನ ಬಾಳೇವು. ಇಷ್ಟು ಮಡಗಿಕಂಡು ದಿನಾ ಓಬಕ್ಕನ ಮನೆಗೆ ಕೆಂಡ ಕೇಳಾಕೆ ಹೋಗ್ತಿದ್ಲು."

ಅಳುವಿನ ನಡುವೆಯೂ ಹೆಂಗಸರು ನಕ್ಕರು. ಕೆಂಚಕ್ಕ ಎಂಜಲು ಕೈಯಲ್ಲಿ ಕಾಗೆ ಓಡಿಸದವಳೆಂದು ಆದಿವಾಲದ ಊರಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯ ಓಬಕ್ಕ ಮಾತ್ರ ನಗಲಿಲ್ಲ. ಹನ್ನೊಂದು ವರ್ಷ ಕೆಂಡ ಕೊಟ್ಟ ಅವಳೂ ಅದನ್ನು ಜಿಪುಣತನವೆಂದೇ ತಿಳಿದಿದ್ದಳು. ಈಗ ಆ ಪೆಟ್ಟಿಗೆಗಳನ್ನು ನೋಡುತ್ತ ನಿಂತಳು.

*

ಹನ್ನೊಂದು ವರ್ಷದ ಹಿಂದೆ, ಅರವತ್ಮೂರನೇ ಇಸವಿಯಲ್ಲಿ, ಸಿಡುಬು ಓಬಕ್ಕನ ಮೂರು ವರ್ಷದ ಮಗನನ್ನು ಒಯ್ದಿತ್ತು. ಗಂಡ ಗಣಿ ಕೆಲಸದಿಂದ ವಾರಕ್ಕೊಮ್ಮೆ ಬರುತ್ತಿದ್ದ. ಅವಳು ಒಲೆ ಹಚ್ಚುವುದನ್ನೇ ಬಿಟ್ಟಳು. ಬಂದವರೆಲ್ಲ "ಇನ್ನೊಂದು ಹುಟ್ತೈತೆ ಬಿಡು" ಎಂದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಓಬಕ್ಕ ತನ್ನ ಬೆಳ್ಳಿ ಕಡಗ ಬಿಚ್ಚಿ ಕೆಂಚಕ್ಕನ ಮಡಿಲಿಗೆ ಹಾಕಿದಳು.

"ನಿನ್ನತ್ರ ಇರ್ಲಿ ಅಕ್ಕ. ನಂಗ್ಯಾಕೆ."

ಕೆಂಚಕ್ಕ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ಓಬಿ, ಸಾಯ್ಬೇಕು ಅನ್ಸೈತಾ?"

ಕೇಳಿದರೆ ಎಲ್ಲಿ ನೆನಪು ಮಾಡಿಕೊಟ್ಟಂತಾಗುತ್ತದೋ ಎಂದು ಅಂಜಿ ಯಾರೂ ಆ ಮಾತು ಕೇಳಿರಲಿಲ್ಲ. ಓಬಕ್ಕ ಹೂಂ ಎಂದಳು, ಎಂದ ಮೇಲೆ ಅತ್ತಳು. ಕೆಂಚಕ್ಕ ಬುದ್ಧಿ ಹೇಳಲಿಲ್ಲ, ಕೂತು ಕೇಳಿದಳು. ಎಂಟು ದಿನ ಅವಳ ಪಕ್ಕದಲ್ಲೇ ಮಲಗಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಒಡೆದ ಮಡಕೆಯ ಬೋಕಿ ಹಿಡಿದು ಬಾಗಿಲಲ್ಲಿ ನಿಂತಳು.

"ನಮ್ಮೊಲೆ ಆರೈತೆ ಕಣೇ. ಒಂದೀಟು ಕೆಂಡ ಕೊಡು."

ಕೊಡಬೇಕೆಂದರೆ ಹಚ್ಚಬೇಕು, ಹಚ್ಚಬೇಕೆಂದರೆ ಏಳಬೇಕು. ಓಬಕ್ಕ ಬೈದುಕೊಂಡೇ ಎದ್ದಳು. ಮರುದಿನವೂ ಎದ್ದಳು.

*

ಮಣ್ಣು ಮಾಡಿ ಬಂದ ಮೇಲೆ ಕೆಂಚಕ್ಕನ ಗಂಡ ಪಾಲಯ್ಯ ಜಗಲಿಯಲ್ಲಿ ಕೂತ. ಹೊಲಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿ ಅವನು. ಉಡಿದಾರದಿಂದ ತೂಬಿನ ಕೀಲಿ ಬಿಚ್ಚಿ ತಮ್ಮ ಪಾಪಣ್ಣನಿಗೆ ಕೊಟ್ಟ.

"ನೀನೇ ಇಟ್ಕ. ನಂಗಿನ್ನೇನೈತೆ? ಅವ್ಳ ಹಿಂದೇನೇ ಹೋಗ್ತೀನಿ."

"ಅಂಗನ್ನಬಾರ್ದಣ್ಣ," ಎಂದು ಪಾಪಣ್ಣ ಕೀಲಿಯನ್ನು ಜೇಬಿಗೆ ಹಾಕಿದ.

ಓಬಕ್ಕನಿಗೆ ತನ್ನ ಕಡಗ ನೆನಪಾಯಿತು. ಜಗಲಿ ಹತ್ತಿ ಎದುರಿಗೇ ಕೂತಳು.

"ಬಾವ, ಸಾಯ್ಬೇಕು ಅನ್ಸೈತಾ?"

"ಇದೇನ್ ಕೇಳ್ತೀಯವ್ವ?" ಪಾಪಣ್ಣ ಗದರಿದ.

ಪಾಲಯ್ಯ ಕೈಯೆತ್ತಿ ತಮ್ಮನನ್ನು ತಡೆದ. "ಹೂಂ ಕಣವ್ವ."

ಅವಳು ಏಳಲಿಲ್ಲ. ಅವನು ತಡವರಿಸುತ್ತ ಮಾತಾಡಿದ, ಹೊತ್ತು ಇಳಿಯುವವರೆಗೂ ಅವಳು ಕೇಳಿದಳು. ಆಮೇಲೆ ಪಾಪಣ್ಣನ ಕಡೆ ತಿರುಗಿದಳು.

"ಆ ಕೀಲಿ ವಾಪಸ್ ಕೊಡಪ್ಪ. ಇವತ್ತಿಂದ ನೀನು ಇಲ್ಲೇ ಮಲಗು. ಬಾವನ್ನ ಒಬ್ರನ್ನೇ ಬಿಡಬ್ಯಾಡ." ಮತ್ತೆ ಪಾಲಯ್ಯನಿಗೆ, "ಬೆಳಿಗ್ಗೆ ಕೆಂಡಕ್ಕೆ ಬರ್ತೀನಿ. ಒಲೆ ಹಚ್ಚಿರ್ರಿ."

"ಸೂತಕದ ಮನೆ ಬೆಂಕಿ ಯಾರಾದ್ರೂ ಒಯ್ತಾರಾ?" ಎಂದ ಪಾಪಣ್ಣ.

"ನಾನ್ ಒಯ್ತೀನಿ."

"ನಂಗೆ ಒಲೆ ಹಚ್ಚಾಕೆ ಬರಲ್ಲವ್ವ," ಎಂದ ಪಾಲಯ್ಯ.

"ಆರು ಬೆಂಕಿಪೆಟ್ಟಿಗೆ ಅವೆ ಬಾವ. ಕಲ್ತ್ಕಳ್ರಿ."

ಮನೆಗೆ ಬಂದ ಓಬಕ್ಕ ತನ್ನ ಒಲೆಯ ಬೂದಿ ಕೆದಕಿದಳು. ಅಡಿಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಒಂದು ಚೊಂಬು ನೀರು ಸುರಿದು ಚುಂಯ್ ಎನ್ನುವುದು ನಿಲ್ಲುವವರೆಗೂ ಕಾದಳು. ಆಮೇಲೆ ಒಂದು ಮಡಕೆಯ ಬೋಕಿ ಹುಡುಕಿ, ತೊಳೆದು, ಹೊಸ್ತಿಲ ಪಕ್ಕದಲ್ಲಿ ಇಟ್ಟಳು.