ಭಾವನ ಕಾರ್ಖಾನೆಯ ನೀರು

ಮನೆಯವರೆಲ್ಲ ಅವನನ್ನು ಎಣ್ಣೆಯವ ಎಂದೇ ಕರೆಯುತ್ತಿದ್ದರು. ಎಣ್ಣೆ ವ್ಯಾಪಾರ ಎಂದ ಕೂಡಲೇ ಹೊಸಬರು ಬೇರೆ ಎಣ್ಣೆಯನ್ನು ನೆನೆಸಿಕೊಂಡು ಮುಸಿಮುಸಿ ನಗುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ. ಈಗ ಬಿಡಿಸಿ ಹೇಳುವ ಗೋಜಿಗೂ ಹೋಗುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಅವನು ತಯಾರಿಸುತ್ತಿದ್ದುದು ಲೇತ್ ಯಂತ್ರಗಳಿಗೆ ಬೇಕಾದ ಎಣ್ಣೆ. ಅದನ್ನು ನೀರಿಗೆ ಸುರಿದು ಕಲಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಲೋಹ ಕೊರೆಯುವಾಗ ಆ ಬಿಳಿ ನೀರು ಸಣ್ಣ ನಳಿಗೆಯಿಂದ ಸುರಿಯುತ್ತಲೇ ಇರಬೇಕು. ನೀರು ಬಿಸಿ ಆರಿಸುತ್ತದೆ. ಎಣ್ಣೆ ಉಪಕರಣದ ಮೊನೆ ಸವೆಯದಂತೆ, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ಅವನ ಎಲ್ಲಕ್ಕಿಂತ ಹಳೆಯ ಗಿರಾಕಿ ಅಕ್ಕನ ಗಂಡ. ಭಾವ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೇತ್ ವಿಭಾಗದ ಮೇಸ್ತ್ರಿ. ಹೆಂಡತಿಯ ತಮ್ಮನ ಎಣ್ಣೆಯನ್ನು ತಾನೇ ಮುಂದೆ ನಿಂತು ಅಲ್ಲಿಗೆ ತರಿಸಿದ್ದ. ಹಾಗಾಗಿ ಅದೇನಾದರೂ ಕೆಟ್ಟರೆ ಮೊದಲ ಮಾತು ಅವನ ತಲೆಯ ಮೇಲೆಯೇ ಬೀಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಅದು ಕೆಟ್ಟಿತು. ಭಾವ ಅವನಿಗೆ ಏನೂ ಹೇಳಲಿಲ್ಲ, ಫೋನು ಮಾಡಿದ್ದು ಅಕ್ಕ. ಮನೆಯಲ್ಲಿ ನಿನ್ನ ಸುದ್ದಿ ಎತ್ತಿದರೆ ಸಾಕು, ನಿಮ್ಮ ಭಾವ ತಟ್ಟೆ ಸರಿಸಿ ಎದ್ದು ಹೋಗುತ್ತಾರೆ, ಒಮ್ಮೆ ಹೋಗಿ ನೋಡು ಎಂದಳು. ಇಬ್ಬರ ನಡುವೆ ಸಿಕ್ಕಿಕೊಂಡು ಅವಳೂ ಸೋತಿದ್ದಳು.

ಅವನು ಹೋಗಿ ಯಂತ್ರದ ಕೆಳಗಿನ ತೊಟ್ಟಿಯ ಮುಚ್ಚಳ ತೆಗೆದ. ಮೇಲೆ ಹಳದಿ ಎಣ್ಣೆ ತೇಲುತ್ತಿತ್ತು, ಕೆಳಗೆ ತೆಳ್ಳನೆಯ ನೀರು. ಜಾಲರಿಗೆ ಒಡೆದ ಹಾಲಿನ ಗರಣೆಯಂಥದ್ದು ಮೆತ್ತಿಕೊಂಡಿತ್ತು. ಹಿಂದಿನ ದಿನ ಕೊರೆದಿಟ್ಟ ಉಕ್ಕಿನ ದಂಡಗಳ ಮೇಲೆ ಆಗಲೇ ಕಂದು ಚುಕ್ಕೆ ಮೂಡಿದ್ದವು. ಕೆಲಸಗಾರರು ಕೈ ತುರಿಸುತ್ತದೆ ಎಂದರು. ಭಾವ ಅವನ ಮುಖ ನೋಡದೆಯೇ ಕೇಳಿದ.

"ಸಾಮಾನು ಕಮ್ಮಿ ಮಾಡಿದ್ದೀಯಾ?"

"ಇಲ್ಲ ಭಾವ."

"ಬೇರೆಯವರದ್ದಾಗಿದ್ರೆ ಇಷ್ಟೊತ್ತಿಗೆ ಈ ಡ್ರಮ್ಮು ಗೇಟಿನ ಆಚೆ ಇರ್ತಿತ್ತು."

ಅವನು ಡ್ರಮ್ಮಿನಿಂದ ಸ್ವಲ್ಪ ಎಣ್ಣೆ ಹಿಡಿದು ತಂದು ಶೆಡ್ಡಿನ ನಲ್ಲಿಯ ನೀರಿಗೆ ಬೆರೆಸಿದ. ಕೆನೆಗಟ್ಟಿದ ಹಾಲಿನಂತೆ ಚೆನ್ನಾಗಿಯೇ ನಿಂತಿತು. ತಾನು ಎಲ್ಲೋ ಎಡವಿದ್ದೇನೆ ಎಂದುಕೊಂಡು ತಕ್ಕಡಿ ಪರೀಕ್ಷಿಸಿದ, ಹಳೆಯ ದಾಸ್ತಾನು ಪಕ್ಕಕ್ಕಿಟ್ಟು ಹೊಸದಾಗಿ ತಯಾರಿಸಿ ಕಳಿಸಿದ. ಅದೂ ಕಾರ್ಖಾನೆಯಲ್ಲಿ ಒಡೆಯಿತು. ಮತ್ತೊಮ್ಮೆ ಮಾಡಿದ. ಡ್ರಮ್ಮು ಹೊರಳಿಸಿ ಹೊರಳಿಸಿ ಸೊಂಟ ಹಿಡಿದುಕೊಂಡಿತು. ಊಟಕ್ಕೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಮನುಷ್ಯ ಇದ್ದರೆ ತಾನೇ ಎಣ್ಣೆ ಎಂದು ಹೆಂಡತಿ ಗೊಣಗಿದಳು.

ಮತ್ತೆ ಕಾರ್ಖಾನೆಗೆ ಹೋದಾಗ, ಜಿಡ್ಡು ತೊಳೆಯಲು ಅಲ್ಲಿನ ನಲ್ಲಿಯ ಕೆಳಗೆ ಕೈಯೊಡ್ಡಿದ. ಎಷ್ಟು ಉಜ್ಜಿದರೂ ಸೋಪು ನೊರೆಯಾಗಲಿಲ್ಲ, ಬೆರಳ ಸಂದಿಯಲ್ಲಿ ಬೂದುಬಣ್ಣದ ಅಂಟಾಗಿ ಕೂತಿತು. ಅವನು ಕೈ ಒರೆಸಿಕೊಳ್ಳದೆಯೇ ಭಾವನ ಬಳಿಗೆ ಹೋದ.

"ಭಾವ, ಈ ನೀರು ಎಲ್ಲಿಂದ ಬರ್ತಿದೆ?"

"ಬೋರಿಂದ. ರಸ್ತೆ ಅಗೆದು ಪೈಪು ಒಡೆದು ಹಾಕಿದ್ದಾರಲ್ಲ. ತಿಂಗಳ ಮೇಲಾಯ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀರು ತಾನೇ? ಅದನ್ನೂ ನಿಂಗೆ ವರದಿ ಒಪ್ಪಿಸ್ಬೇಕಾ?"

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದ. ಎಣ್ಣೆಯೂ ನೀರೂ ತಾವಾಗಿ ಸೇರುವುದಿಲ್ಲ, ಸೋಪಿನಂಥದ್ದೊಂದು ನಡುವೆ ನಿಂತು ಎಣ್ಣೆಯನ್ನು ಸಣ್ಣ ಹನಿಗಳಾಗಿ ಹಿಡಿದಿಟ್ಟಿರುತ್ತದೆ. ಬೋರಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಆ ಸೋಪನ್ನೇ ಎಳೆದುಕೊಂಡು ಗರಣೆಯಾಗುತ್ತದೆ, ಎಣ್ಣೆ ಅನಾಥವಾಗಿ ಮೇಲೆ ಬರುತ್ತದೆ. ಮೇಲಾಗಿ ಬಿಸಿಗೆ ನೀರು ಆರಿಹೋದರೂ ಸುಣ್ಣ ಆರುವುದಿಲ್ಲ. ಮೇಲೆ ಮೇಲೆ ನೀರು ತುಂಬಿಸಿದಷ್ಟೂ ತೊಟ್ಟಿಯಲ್ಲಿ ಅದು ಹೆಚ್ಚುತ್ತಲೇ ಹೋಗುತ್ತದೆ. ಭಾವ ಕೇಳಿಸಿಕೊಂಡ. ಹಾಗಾದರೆ ನೀರಿಗೆ ತಕ್ಕ ಎಣ್ಣೆ ಮಾಡಿಕೊಡು ಎಂದಷ್ಟೇ ಹೇಳಿ ಯಂತ್ರದ ಕಡೆ ತಿರುಗಿದ.

ಎಣ್ಣೆಯವ ಬೋರಿನ ನೀರನ್ನು ಕ್ಯಾನುಗಳಲ್ಲಿ ತುಂಬಿಸಿಕೊಂಡು ಬಂದ. ಸೋಪಿನ ಪಾಲು ಇಳಿಸಿ, ಸುಣ್ಣಕ್ಕೆ ಜಗ್ಗದ ಇನ್ನೊಂದು ವಸ್ತು ಸೇರಿಸಿ, ಗಾಜಿನ ಬಾಟಲಿಗಳಲ್ಲಿ ಕಲಕಿ ಶೆಡ್ಡಿನ ಕಿಟಕಿಯಲ್ಲಿ ಸಾಲಾಗಿ ಇಟ್ಟ. ಒಂದರಲ್ಲಿ ಮೇಲೆ ಕೆನೆ ಕಟ್ಟಿತು, ಇನ್ನೊಂದರಲ್ಲಿ ತಳ ತಿಳಿಯಾಯಿತು. ವಾರಗಳು ಹೋದವು. ಕೊನೆಗೆ ಒಂದು ಬಾಟಲಿ ಅಲುಗಾಡದೆ ಬೆಳ್ಳಗೆ ನಿಂತಿತು. ಅದೇ ಲೆಕ್ಕದಲ್ಲಿ ತಯಾರಿಸಿ ಕಳಿಸಿದ. ತೊಟ್ಟಿಗಳು ಸರಿಹೋದವು, ತುಕ್ಕು ನಿಂತಿತು. ಭಾವನಿಂದ ಒಂದು ಮಾತೂ ಬರಲಿಲ್ಲ. ಈಗ ಊಟ ಸರಿಯಾಗಿ ಮಾಡುತ್ತಿದ್ದಾರೆ ಎಂದು ಅಕ್ಕ ಹೇಳಿದಳು. ಅವನು ಅದನ್ನೇ ಭಾವನ ಮೆಚ್ಚುಗೆ ಎಂದುಕೊಂಡ.

ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ಭಾವನೇ ಫೋನು ಮಾಡಿದ. "ಬಾ. ನೀನೇ ಕಣ್ಣಾರೆ ನೋಡು."

ಎಣ್ಣೆಯವನಿಗೆ ಬಾಗಿಲಲ್ಲೇ ತಿಳಿದುಹೋಯಿತು. ತೊಟ್ಟಿಗಳಿಂದ ನೊರೆ ಉಕ್ಕಿ ನೆಲಕ್ಕಿಳಿದಿತ್ತು. ಯಂತ್ರಗಳು ಮೊಣಕಾಲುದ್ದ ನೊರೆಯಲ್ಲಿ ನಿಂತಿದ್ದವು. ಕೆಲಸಗಾರನೊಬ್ಬ ಅದನ್ನು ಗಡ್ಡದಂತೆ ಮೆತ್ತಿಕೊಂಡು ಗೆಳೆಯರನ್ನು ನಗಿಸುತ್ತಿದ್ದ. ಪೈಪು ರಿಪೇರಿಯಾಗಿತ್ತು, ಸಿಹಿನೀರು ಮರಳಿತ್ತು, ಈ ಸಲವೂ ಯಾರೂ ಹೇಳಿರಲಿಲ್ಲ. ಗಡಸು ನೀರಿಗೆಂದು ಮಾಡಿದ ಎಣ್ಣೆ, ಹಿಡಿದು ನಿಲ್ಲಿಸುವ ಸುಣ್ಣವಿಲ್ಲದೆ ಬುಸುಬುಸು ಉಕ್ಕಿತ್ತು.

ಅವನು ಪ್ಯಾಂಟು ಮಡಚಿ ಪೊರಕೆ ಹಿಡಿದ. ಸ್ವಲ್ಪ ಹೊತ್ತಿಗೆ ಭಾವನೂ ಇನ್ನೊಂದು ಪೊರಕೆ ತಂದ. ನೆಲದ ನೊರೆ ಬಳಿದು ಹಾಕಿದ ಮೇಲೆ ಎಣ್ಣೆಯವ ಶೆಡ್ಡಿಗೆ ಹೋಗಿ ಸುಣ್ಣದಂಶದ ಬಿಳಿ ಉಪ್ಪು ತಂದ, ನೀರಿನಲ್ಲಿ ಕರಗಿಸಿ ಒಂದೊಂದೇ ತೊಟ್ಟಿಗೆ ಹನಿಸಿದ. ನೊರೆ ಮೆಲ್ಲಗೆ ಕುಸಿಯಿತು.

"ಸುಣ್ಣದಿಂದಾನೇ ಎಲ್ಲ ಹಾಳಾಯ್ತು ಅಂತಿದ್ದೆ," ಭಾವ ಹೇಳಿದ. "ಈಗ ನೀನೇ ಸುಣ್ಣ ಬಡೀತಿದ್ದೀಯಲ್ಲೋ."

ಎಣ್ಣೆಯವ ನಗಲು ಹೋದ, ಆಗಲಿಲ್ಲ. ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ.

"ಎಣ್ಣೆ ಹೇಗೆ ಬೇಕೋ ಹಾಗೆ ಮಾಡ್ಕೊಡ್ತೀನಿ ಭಾವ. ನೀರು ಬದಲಾದ್ರೆ ಮಾತ್ರ ನಂಗೆ ಒಂದು ಮಾತು ಹೇಳಿ. ನಂಗೆ ಸಾಕಾಗಿದೆ."

ಭಾವ ಅವನನ್ನು ಅಂದು ಸರಿಯಾಗಿ ನೋಡಿದ. ಮುಖ ಬತ್ತಿತ್ತು, ಬೆರಳುಗಳ ಚರ್ಮ ಸುಲಿದಿತ್ತು. ಭಾವ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಮೊದಲ ಸಲ ಒಡೆದಾಗ ಮ್ಯಾನೇಜರ್ ಮುಂದೆ ನಿಂದೇ ಮೋಸ ಅಂದುಬಿಟ್ಟಿದ್ದೆ," ಎಂದ. "ನೀರು ಅಂತ ಗೊತ್ತಾದ ಮೇಲೂ ಹೋಗಿ ಹೇಳ್ಲಿಲ್ಲ."

ಎಣ್ಣೆಯವ ತಲೆಯೆತ್ತಿ ಭಾವನ ಮುಖ ನೋಡಿದ. ಅದು ಅವನಿಗೆ ಗೊತ್ತಿರಲಿಲ್ಲ.

"ಈಗ ಹೋಗಿ ಹೇಳಿ," ಎಂದ.

ಭಾವ ಒದ್ದೆ ಪ್ಯಾಂಟಿನಲ್ಲೇ ಮೆಟ್ಟಿಲು ಹತ್ತಿ ಮ್ಯಾನೇಜರ್ ಕೋಣೆಗೆ ಹೋದ. ಒಳಗೆ ಏನು ಮಾತಾಯಿತೋ, ಎಣ್ಣೆಯವ ಕೇಳಲಿಲ್ಲ. ಇಳಿದು ಬಂದ ಭಾವ, ಮನೆಗೆ ಹೋಗು, ಮಲಗು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದ.

ಅಂದಿನಿಂದ ಭಾವನ ಫೋನು ಶುರುವಾಯಿತು. ಇವತ್ತು ಟ್ಯಾಂಕರ್ ಬಂದಿದೆ, ಇವತ್ತು ನಲ್ಲಿಯಲ್ಲಿ ಕೆಂಪು ನೀರು, ಇವತ್ತು ನೀರು ಯಾಕೋ ಸ್ವಲ್ಪ ತಣ್ಣಗಿದೆ. ಮುಕ್ಕಾಲು ಪಾಲು ಕರೆಗಳಿಂದ ಏನೂ ಪ್ರಯೋಜನವಿರಲಿಲ್ಲ. ಡ್ರಮ್ಮು ಹೊರಳಿಸುವ ಹೊತ್ತಿಗೇ ಫೋನು ಬಡಿದುಕೊಳ್ಳುತ್ತಿತ್ತು. ಎಣ್ಣೆಯವ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ, ಹೇಳಿ ಭಾವ ಎಂದು ಪ್ರತಿ ಸಲವೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.